ತಲುಪಿದ ತಾರೀಕು

ಟಿಪ್ಪು ಸುಲ್ತಾನ್ ತನ್ನ ಕೊನೆಯ ವರ್ಷದಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್‌ಗೆ ಬರೆಸಿದ ಒಂದು ಸಣ್ಣ ಕಾಗದವಿದೆ. ಅದರ ಸಾರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ನಿಮ್ಮ ಎರಡೂ ಪತ್ರಗಳು ಬಂದವು, ಒಂದನ್ನು ಒಂಟೆಯವನು ತಂದ, ಇನ್ನೊಂದನ್ನು ಹರಿಕಾರರು ತಂದರು, ವಿಷಯ ತಿಳಿದು ಸಂತೋಷವಾಯಿತು. ತುರ್ಕಿಯ ಸುಲ್ತಾನರ ಪತ್ರವನ್ನೂ ಓದಿದೆ. ನನಗೆ ಬೇಟೆಯ ಅಭ್ಯಾಸ, ಈಗಲೂ ಬೇಟೆಗೆ ಹೊರಟಿದ್ದೇನೆ; ಮೇಜರ್ ಡವ್ಟನ್‌ರನ್ನು ಕಳಿಸುವ ಬಗ್ಗೆ ನೀವು ಮತ್ತೆ ಮತ್ತೆ ಬರೆದಿದ್ದೀರಲ್ಲ, ಸ್ವಲ್ಪವೇ ಪರಿವಾರದೊಡನೆ ಕಳಿಸಿಕೊಡಿ. ಆಗಾಗ ಕ್ಷೇಮಸಮಾಚಾರಕ್ಕೆ ಬರೆಯುತ್ತಿರಿ. ಇಷ್ಟೇ.

ಈ ಕಾಗದದ ಬಗ್ಗೆ ಇನ್ನೂರು ವರ್ಷಗಳಿಂದ ಎರಡು ಅಭಿಪ್ರಾಯಗಳಿವೆ. ಕುತ್ತಿಗೆಗೆ ಬಂದ ಯುದ್ಧವನ್ನು ಲೆಕ್ಕಿಸದೆ ಬೇಟೆಯ ಮಾತಾಡಿದ ದೊರೆಯ ಉಡಾಫೆ ಇದು ಎನ್ನುವವರು ಒಂದು ಕಡೆ. ಕಂಪನಿಯ ಗವರ್ನರ್ ಜನರಲ್‌ನನ್ನು ಆಳು ಎಂಬಂತೆ ಕಂಡ ಸ್ವಾಭಿಮಾನ ಇದು ಎನ್ನುವವರು ಇನ್ನೊಂದು ಕಡೆ. ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಟಿಪ್ಪುವಿನ ಜಗಳ ಏಳುವಾಗ ಇಬ್ಬರೂ ಈ ಕಾಗದವನ್ನು ಎತ್ತಿಕೊಳ್ಳುತ್ತಾರೆ. ನನಗೆ ಇಬ್ಬರ ಓದಿನಲ್ಲೂ ಒಂದೇ ಕೊರತೆ ಕಾಣುತ್ತದೆ. ಇಬ್ಬರೂ ಒಕ್ಕಣೆಯನ್ನು ಓದುತ್ತಾರೆ, ತಾರೀಕನ್ನು ಓದುವುದಿಲ್ಲ.

ತಾರೀಕು ಅಂದೆನಲ್ಲ, ಅಲ್ಲೇ ಇದೆ ತೊಡಕು. ಇತಿಹಾಸದ ಪುಸ್ತಕಗಳು ಈ ಕಾಗದವನ್ನು ಗುರುತಿಸುವುದು 1799ರ ಫೆಬ್ರವರಿ 13ರಿಂದ. ಅದು ಶ್ರೀರಂಗಪಟ್ಟಣದಲ್ಲಿ ಬರೆದ ದಿನವಲ್ಲ, ಮದರಾಸಿನ ಕೋಟೆಗೆ ತಲುಪಿದ ದಿನ. ಬರೆದವನ ದಿನವನ್ನು ಬಿಟ್ಟು ಪಡೆದವನ ದಿನದಿಂದ ಒಂದು ಕಾಗದ ಇತಿಹಾಸ ಸೇರಿದೆ. ಇದು ಗುಮಾಸ್ತನ ಸಣ್ಣ ಅನುಕೂಲದಂತೆ ಕಾಣಬಹುದು. ಆದರೆ ಈ ಪತ್ರವ್ಯವಹಾರವನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದುತ್ತ ಹೋದ ನನಗೆ, ಇಡೀ ಕತೆಯ ಕೀಲಿ ಆ ಒಂದು ಸಾಲಿನಲ್ಲೇ ಇದೆ ಅನ್ನಿಸಿತು.

*

ಮೊದಲು ಎದುರಿನ ಪತ್ರಲೇಖಕನನ್ನು ನೋಡೋಣ. ರಿಚರ್ಡ್ ವೆಲ್ಲೆಸ್ಲಿ, ಐರ್ಲೆಂಡಿನ ಮಾರ್ನಿಂಗ್ಟನ್ ಎಂಬ ಅರ್ಲ್ ಪದವಿಯವನು. ಸೈನಿಕನಲ್ಲ, ವ್ಯಾಪಾರಿಯೂ ಅಲ್ಲ, ಅಪ್ಪಟ ರಾಜಕಾರಣಿ. 1784ರಿಂದ 1797ರವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿದ್ದವನು, ಪ್ರಧಾನಿ ಪಿಟ್‌ನ ಗೆಳೆಯ, ಖಜಾನೆ ಮಂಡಳಿಯಲ್ಲೂ ಭಾರತದ ಉಸ್ತುವಾರಿ ನೋಡುತ್ತಿದ್ದ ಬೋರ್ಡ್ ಆಫ್ ಕಂಟ್ರೋಲ್‌ನಲ್ಲೂ ಕೂತು ಬಂದವನು. 1798ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿಳಿದು, ಮೇ ತಿಂಗಳಲ್ಲಿ ಕಲ್ಕತ್ತ ಸೇರಿ ಅಧಿಕಾರ ವಹಿಸಿಕೊಂಡಾಗ ಅವನಿಗೆ ಮೂವತ್ತೆಂಟು ತುಂಬಿರಲಿಲ್ಲ. ಶ್ರೀರಂಗಪಟ್ಟಣವನ್ನು ಮುಂದೆ ಕೆಲವು ವರ್ಷ ಕಾದ ಆರ್ಥರ್ ವೆಲ್ಲೆಸ್ಲಿ, ಅಂದರೆ ವಾಟರ್‌ಲೂ ಗೆದ್ದ ವೆಲಿಂಗ್ಟನ್, ಇವನ ತಮ್ಮ.

ಆ ಶತಮಾನದ ಇಂಗ್ಲಿಷ್ ರಾಜಕಾರಣಿಗಳ ಕಾಗದಗಳಲ್ಲಿ ಎರಡು ಜಾತಿ. ಸ್ನೇಹಿತರಿಗೆ, ಹೆಂಡತಿಗೆ, ಪಕ್ಷದವರಿಗೆ ಕೈಯಾರೆ ಗೀಚಿದ್ದು ಒಂದು. ಅವುಗಳಲ್ಲಿ ಅನೇಕವಕ್ಕೆ ತಾರೀಕೇ ಇರುವುದಿಲ್ಲ; ಇದ್ದರೆ 'ಗುರುವಾರ ರಾತ್ರಿ' ಎಂದಷ್ಟೇ ಇರುತ್ತದೆ. ಯಾವ ಗುರುವಾರ ಎಂದು ಪಡೆದವನಿಗೆ ಗೊತ್ತು, ಮೂರನೆಯವನಿಗೆ ಗೊತ್ತಾಗಬೇಕಾದ ಅಗತ್ಯ ಇಲ್ಲ. ಇಪ್ಪತ್ತೇಳು ವರ್ಷ ಸಂಸತ್ ಸದಸ್ಯನಾಗಿದ್ದ ಹೊರೇಸ್ ವಾಲ್‌ಪೋಲ್‌ನ ಪತ್ರಗಳನ್ನು ಯೇಲ್ ವಿಶ್ವವಿದ್ಯಾಲಯದವರು 1937ರಿಂದ 1983ರವರೆಗೆ 48 ಸಂಪುಟಗಳಲ್ಲಿ ತಂದರು. ಇಂಥ ಸಂಪಾದನೆಯಲ್ಲಿ ದೊಡ್ಡ ದುಡಿಮೆಯೇ ತಾರೀಕಿಲ್ಲದ ಕಾಗದಕ್ಕೆ ತಾರೀಕು ಹುಡುಕುವುದು: ಕಾಗದದ ನೀರುಗುರುತು, ಮಸಿ, ಉಲ್ಲೇಖಿಸಿದ ನಾಟಕ, ಯಾರದೋ ಸಾವು, ಯಾರದೋ ಗೌಟು. ತಾರೀಕಿಲ್ಲದ ಕಾಗದ ಒಂದು ರೀತಿಯಲ್ಲಿ ನಂಬಿಕೆಯ ಗುರುತು. ಬರೆಯುವಾಗ ಇದು ಸಾಕ್ಷಿಯಾಗಬಹುದೆಂಬ ಎಣಿಕೆ ಅಲ್ಲಿರಲಿಲ್ಲ.

ಇನ್ನೊಂದು ಜಾತಿ ಸರ್ಕಾರಿ ಪತ್ರ. ಅದರಲ್ಲಿ ತಾರೀಕೇ ಮೊದಲು, ಮನಸ್ಸು ಆಮೇಲೆ. ಮಾರ್ನಿಂಗ್ಟನ್ ಎರಡರಲ್ಲೂ ನುರಿತವನು. ಮೈಸೂರು ಗೆದ್ದದ್ದಕ್ಕೆ ತನಗೆ ಕೊಟ್ಟದ್ದು ಐರ್ಲೆಂಡಿನ ಮಾರ್ಕ್ವಿಸ್ ಪದವಿ, ಇಂಗ್ಲೆಂಡಿನದ್ದಲ್ಲ ಎಂದು ಸಿಟ್ಟಾಗಿ, ಅದನ್ನು ಚಿನ್ನದ ನೀರು ಕುಡಿಸಿದ ಆಲೂಗಡ್ಡೆಗೆ ಹೋಲಿಸಿ 1800ರಲ್ಲಿ ಪಿಟ್‌ಗೆ ಕಾಗದ ಬರೆದವನು ಇವನೇ. ಆ ದನಿ ಟಿಪ್ಪುವಿಗೆ ಬರೆದ ಪತ್ರಗಳಲ್ಲಿ ಎಲ್ಲೂ ಕೇಳುವುದಿಲ್ಲ. ಅಲ್ಲಿರುವುದು ಸ್ನೇಹ, ಗೌರವ, ಕಾಳಜಿ. ಆ ಪತ್ರಗಳಲ್ಲಿ ಅವನ ನಿಜವಾದ ಮನಸ್ಸು ಎಲ್ಲಾದರೂ ಸಿಕ್ಕುವುದಿದ್ದರೆ ಮೇಲಿನ ತಾರೀಕಿನಲ್ಲಿ ಮಾತ್ರ.

*

ಹಾಗಾದರೆ ತಾರೀಕುಗಳನ್ನೇ ಸಾಲಾಗಿ ಇಟ್ಟು ನೋಡೋಣ.

1798ರ ಜನವರಿ 30ರಂದು ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಒಂದು ಘೋಷಣೆ ಹೊರಡಿಸಿದ: ಇಂಗ್ಲಿಷರ ವಿರುದ್ಧ ಟಿಪ್ಪು ನಮ್ಮ ಸ್ನೇಹ ಬೇಡಿದ್ದಾನೆ, ಸೈನ್ಯ ಸೇರುವವರು ಬನ್ನಿ. ಗುಟ್ಟಾಗಿರಬೇಕಾದದ್ದನ್ನು ಊರಿಗೆಲ್ಲ ಸಾರಿದ ಈ ಮಹಾಶಯನಿಂದ ಟಿಪ್ಪುವಿಗೆ ದಕ್ಕಿದ್ದು ನೂರರಷ್ಟು ಜನ. ಅವರು ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿಳಿದರು. ಘೋಷಣೆಯ ಪ್ರತಿ ಜೂನ್ ಮೊದಲ ಭಾಗದಲ್ಲಿ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಜೂನ್ ತಿಂಗಳಲ್ಲೇ ಮಾರ್ನಿಂಗ್ಟನ್ ಮದರಾಸಿನ ಜನರಲ್ ಹ್ಯಾರಿಸ್‌ಗೆ ಸೈನ್ಯ ಕೂಡಿಸಲು ಬರೆದ. ಮದರಾಸಿನ ಅಧಿಕಾರಿಗಳು ಹೌಹಾರಿದರು. ಖಜಾನೆ ಬರಿದು, ಎತ್ತುಗಳಿಲ್ಲ, ಹಿಂದಿನ ಯುದ್ಧದ ಅನುಭವ ಸಾಲದೆ ಎಂದು ಕಾರ್ಯದರ್ಶಿ ಜೋಸಯ್ಯ ವೆಬ್ ಜುಲೈನಲ್ಲಿ ಖಡಕ್ಕಾಗಿ ಟಿಪ್ಪಣಿ ಬರೆದ. (ಈ ವೆಬ್ ಮುಂದೆ ಮೈಸೂರಿನ ರೆಸಿಡೆಂಟ್ ಆದ, ಅವನು ಸತ್ತ ಮೇಲೆ ದಿವಾನ್ ಪೂರ್ಣಯ್ಯನವರು ಪಾಂಡವಪುರದ ಹತ್ತಿರ ಅವನ ನೆನಪಿಗೆ ಕಂಬ ನಿಲ್ಲಿಸಿದರು.)

ಹೀಗೆ ಜೂನ್‌ನಲ್ಲಿ ಯುದ್ಧದ ಸಿದ್ಧತೆಗೆ ಅಪ್ಪಣೆ ಆಯಿತು. ಟಿಪ್ಪುವಿಗೆ ಫ್ರೆಂಚರ ವಿಷಯ ಎತ್ತಿ ಬರೆದ ಮೊದಲ ಪತ್ರದ ತಾರೀಕು ನವೆಂಬರ್ 8. ನಡುವೆ ಐದು ತಿಂಗಳು. ಆ ಐದು ತಿಂಗಳಲ್ಲಿ ಹೋದ ಪತ್ರಗಳಲ್ಲಿ ವಯನಾಡಿನ ಗಡಿ ತಕರಾರನ್ನು ಸ್ನೇಹದಿಂದ ಬಗೆಹರಿಸಿಕೊಳ್ಳುವ ಮಾತಿದೆ, ಮಲಾರ್ಟಿಕ್‌ನ ಸುದ್ದಿ ಇಲ್ಲ. ನವೆಂಬರ್ 8ಕ್ಕೇ ಏಕೆ? ಹಿಂದಿನ ಕೆಲವು ವಾರಗಳನ್ನು ನೋಡಿದರೆ ಸಾಕು. ಸೆಪ್ಟೆಂಬರ್ 1ರಂದು ಹೈದರಾಬಾದಿನ ನಿಜಾಮನೊಡನೆ ಒಪ್ಪಂದ ಆಯಿತು. ಅಕ್ಟೋಬರ್ 22ರಂದು ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ದಳದ ಆಯುಧ ಕಸಿಯಲಾಯಿತು. ಆಗಸ್ಟ್ 1ರಂದು ನೈಲ್ ನದಿಯ ಬಾಯಲ್ಲಿ ನೆಲ್ಸನ್ ಫ್ರೆಂಚರ ಹಡಗುಪಡೆಯನ್ನು ಸುಟ್ಟ ಸುದ್ದಿ ಅಕ್ಟೋಬರ್ ಕೊನೆಯ ಹೊತ್ತಿಗೆ ಕಲ್ಕತ್ತ ಮುಟ್ಟಿತು. ನವೆಂಬರ್ 4ರಂದು ಆ ವಿಜಯದ ಸುದ್ದಿಯನ್ನು ಸಂತೋಷ ಹಂಚಿಕೊಳ್ಳುವವನಂತೆ ಟಿಪ್ಪುವಿಗೆ ಬರೆದ. ನಾಲ್ಕು ದಿನ ಬಿಟ್ಟು ದೂರು ಬರೆದ. ಎರಡೂ ಪತ್ರಗಳ ಒಕ್ಕಣೆ ಮೃದುವಾಗಿದೆ. ತಾರೀಕುಗಳು ಮಾತ್ರ ಮೃದುವಲ್ಲ.

ಈ ಎರಡನೆಯ ಪತ್ರದಲ್ಲೇ ಮೇಜರ್ ಡವ್ಟನ್ ಬರುತ್ತಾನೆ. ಮಾತುಕತೆಗೆ ತಮಗೆ ಪರಿಚಯವಿರುವ ಈ ಅಧಿಕಾರಿಯನ್ನು ಕಳಿಸುತ್ತೇನೆ ಎಂಬುದು ಪ್ರಸ್ತಾಪ. ಪರಿಚಯ ಹೇಗೆಂಬುದು ನಮಗೆಲ್ಲ ಶಾಲೆಯ ಪುಸ್ತಕದಿಂದ ಗೊತ್ತಿರುವ ಕತೆಯ ಬಾಲ. 1792ರ ಒಪ್ಪಂದದಲ್ಲಿ ಕಾರ್ನ್‌ವಾಲಿಸ್ ಒತ್ತೆ ಇಟ್ಟುಕೊಂಡ ಟಿಪ್ಪುವಿನ ಇಬ್ಬರು ಮಕ್ಕಳು ಮದರಾಸಿನಲ್ಲಿ ಎರಡು ವರ್ಷ ಇದ್ದಾಗ ಅವರ ಉಸ್ತುವಾರಿ ಡವ್ಟನ್‌ನದು. 1794ರಲ್ಲಿ ದೇವನಹಳ್ಳಿಯಲ್ಲಿ ಅವರನ್ನು ತಂದೆಗೆ ಒಪ್ಪಿಸಿದವನೂ ಅವನೇ.

*

ಟಿಪ್ಪುವಿನ ಉತ್ತರ ಬಂತು. ಅದು ಸಾಚಾ ಉತ್ತರವಲ್ಲ. ಯಾರೋ ವ್ಯಾಪಾರಿಗಳ ಎರಡು ಕಂಬದ ಹಡಗೊಂದು ಅಕ್ಕಿ ಹೇರಿಕೊಂಡು ಮಾರಿಷಸ್‌ಗೆ ಹೋಗಿತ್ತು, ಬರುವಾಗ ಕೆಲಸ ಹುಡುಕಿಕೊಂಡು ನಲವತ್ತು ಜನ ಬಂದರು, ಕೆಲವರು ಕುಶಲಕರ್ಮಿಗಳು, ಅಷ್ಟೇ ಎಂಬ ವಿವರಣೆ. ಮಂಗಳೂರಿನಲ್ಲಿ ಇಳಿದವರನ್ನು ನೋಡಿದ ಯಾರೂ ಇದನ್ನು ನಂಬಲಾರರು. ಡಿಸೆಂಬರ್ 31ರಂದು ಮಾರ್ನಿಂಗ್ಟನ್ ಯುದ್ಧದ ಹತ್ತಿರ ಇರಲೆಂದು ಕಲ್ಕತ್ತ ಬಿಟ್ಟು ಮದರಾಸಿಗೇ ಬಂದಿಳಿದ. 1799ರ ಜನವರಿ 9ರಂದು ಸೇಂಟ್ ಜಾರ್ಜ್ ಕೋಟೆಯಿಂದ ಅವನು ಬರೆದ ಪತ್ರ ಈ ಸರಣಿಯಲ್ಲೇ ಉದ್ದನೆಯದು, ಬರವಣಿಗೆಯಾಗಿ ಬಲವಾದದ್ದು. ಮಲಾರ್ಟಿಕ್‌ನ ಘೋಷಣೆಯನ್ನು ಲಗತ್ತಿಸಿ, ಒಂದೊಂದೇ ಅಂಶವನ್ನು ವಕೀಲನಂತೆ ಎತ್ತಿ ಕೇಳಿ, ಕೊನೆಗೆ ಒಂದು ಕೋರಿಕೆ ಇಟ್ಟ: ಈ ಪತ್ರ ಕೈಸೇರಿದ ಮೇಲೆ ಉತ್ತರಕ್ಕೆ ಒಂದು ದಿನಕ್ಕಿಂತ ಹೆಚ್ಚು ತಡಮಾಡಬೇಡಿ.

ಒಂದು ದಿನ! ಐದು ತಿಂಗಳು ಸುಮ್ಮನಿದ್ದವನಿಗೆ ಈಗ ಒಂದು ದಿನದ ಅವಸರ. ಇದಕ್ಕೆ ಕಾರಣ ಪತ್ರದಲ್ಲಿಲ್ಲ, ಕಾವೇರಿಯಲ್ಲಿದೆ. ಶ್ರೀರಂಗಪಟ್ಟಣ ದ್ವೀಪ. ಮುಂಗಾರು ಹಿಡಿದು ಕೊಡಗಿನ ನೀರು ಬಂತೆಂದರೆ ಹೊಳೆ ದಾಟಿ ಕೋಟೆ ಹತ್ತುವುದು ಆಗದ ಮಾತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಪಟ್ಟಣದ ಬಾಗಿಲವರೆಗೆ ಬಂದು, ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. ಆದ್ದರಿಂದ ಫೆಬ್ರವರಿಯಲ್ಲಿ ಹೊರಟರಷ್ಟೇ ಮೇ ಒಳಗೆ ಕೆಲಸ ಮುಗಿಯುತ್ತದೆ. ಟಿಪ್ಪುವಿಗೂ ಈ ಲೆಕ್ಕ ಬಾಯಿಪಾಠ. ಒಬ್ಬನಿಗೆ ಜೂನ್ ಬರುವವರೆಗೆ ಮಾತು ಬೆಳೆಸಬೇಕು, ಇನ್ನೊಬ್ಬನಿಗೆ ಮಾರ್ಚ್ ಬರುವುದರೊಳಗೆ ಮಾತು ಮುಗಿಸಬೇಕು. ಇಬ್ಬರೂ ಸ್ನೇಹ ಎಂದು ಬರೆಯುತ್ತಿದ್ದಾರೆ, ಇಬ್ಬರೂ ಹೊಳೆಯ ನೀರನ್ನು ನೋಡುತ್ತಿದ್ದಾರೆ.

ಜನವರಿ 16ರಂದು ಇನ್ನೊಂದು ಪತ್ರ ಹೋಯಿತು, ಜೊತೆಗೆ ಫ್ರೆಂಚರನ್ನು ನಂಬಬೇಡ ಎಂದು ತುರ್ಕಿಯ ಮೂರನೆಯ ಸಲೀಮ್ ಬರೆದ ಪತ್ರ. ಫೆಬ್ರವರಿ 3ರಂದು ಮೈಸೂರಿನೊಳಗೆ ನುಗ್ಗಲು ಹ್ಯಾರಿಸ್‌ಗೆ ಅಪ್ಪಣೆ. 11ರಂದು ಸೈನ್ಯ ವೇಲೂರಿನಿಂದ ಹೊರಟಿತು. 13ರಂದು, ಮೊದಲು ಹೇಳಿದ ಬೇಟೆಯ ಕಾಗದ ಕೋಟೆಗೆ ತಲುಪಿತು. 22ರಂದು ಯುದ್ಧದ ಘೋಷಣಾಪತ್ರ; ಅದೇ ದಿನ ಟಿಪ್ಪುವಿಗೆ ಕೊನೆಯ ಪತ್ರ, ಇನ್ನು ಮಾತಾಡುವುದಿದ್ದರೆ ಜನರಲ್ ಹ್ಯಾರಿಸ್ ಜೊತೆ ಮಾತಾಡಿ ಎಂದು. ಮಾರ್ಚ್ 5ಕ್ಕೆ ಸೈನ್ಯ ಗಡಿ ದಾಟಿತು, 27ಕ್ಕೆ ಮಳವಳ್ಳಿ, ಮೇ 4ಕ್ಕೆ ಪಟ್ಟಣ ಬಿತ್ತು.

ಈಗ ಆ ಕಾಗದವನ್ನು ಮತ್ತೆ ಓದಿ. ಘೋಷಣಾಪತ್ರದಲ್ಲಿ ಮಾರ್ನಿಂಗ್ಟನ್ ಅದನ್ನು ಯುದ್ಧದ ಕಾರಣಗಳಲ್ಲಿ ಒಂದಾಗಿ ಮಂಡಿಸಿದ: ಇಷ್ಟು ತಡವಾಗಿ, ಇಷ್ಟು ಹಗುರವಾಗಿ ಉತ್ತರಿಸಿದ ಮೇಲೆ ಇನ್ನೇನು ದಾರಿ ಉಳಿದಿತ್ತು ಎಂಬ ಧಾಟಿಯಲ್ಲಿ. ಆದರೆ ಅಪ್ಪಣೆಯಾಗಿ ಹತ್ತು ದಿನ, ಸೈನ್ಯ ಹೊರಟು ಎರಡು ದಿನ ಆದ ಮೇಲೆ ಕೈಸೇರಿದ ಕಾಗದ ಆ ಅಪ್ಪಣೆಗೆ ಕಾರಣ ಆಗಲಾರದು. ಅದು ತಡವಾಗಿ ಬಂದದ್ದು ನಿಜ. ಅಪ್ಪಣೆಗೆ ಕಾರಣವಾದದ್ದು ಅದರ ಬರುವಿಕೆ ಅಲ್ಲ, ಬಾರದಿರುವಿಕೆ. ಅಂದರೆ ಆ ಕಾಗದದಲ್ಲಿ ಬೇಟೆ ಎಂದಿದ್ದರೂ ಶರಣು ಎಂದಿದ್ದರೂ ಫೆಬ್ರವರಿ 3 ಬದಲಾಗುತ್ತಿರಲಿಲ್ಲ. ನಾವು ಇನ್ನೂರು ವರ್ಷ ಜಗಳಾಡಿದ ಒಕ್ಕಣೆ, ತಲುಪಿದ ದಿನದ ಹೊತ್ತಿಗೆ ಬೆಲೆ ಕಳೆದುಕೊಂಡ ಒಕ್ಕಣೆ.

*

ಒಕ್ಕಣೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಅದರ ಜಾತಿಗೆ ತಕ್ಕಂತೆ ಓದಬೇಕು. ಕೊನೆಯ ಸಾಲನ್ನೇ ನೋಡಿ: ಆಗಾಗ ಕ್ಷೇಮಕ್ಕೆ ಬರೆಯುತ್ತಿರಿ. ಇಂಗ್ಲಿಷಿನಲ್ಲಿ ಓದಿದರೆ ಇದು ಚುಚ್ಚುಮಾತು ಎನ್ನಿಸುತ್ತದೆ. ಸೈನ್ಯ ಬಾಗಿಲಲ್ಲಿ ಇರುವಾಗ ಕ್ಷೇಮ ವಿಚಾರಿಸುವುದೇ! ಆದರೆ ನಮ್ಮಲ್ಲಿ ಒಂದು ತಲೆಮಾರಿನ ಹಿಂದೆ ಕೂಡ ಯಾವ ಕಾಗದ ಹೀಗೆ ಮುಗಿಯುತ್ತಿರಲಿಲ್ಲ? 'ಉಭಯ ಕುಶಲೋಪರಿ ಸಾಂಪ್ರತ' ಎಂದು ಶುರುವಾಗಿ, ನಡುವೆ ಸಾಲದ ಮಾತು, ಜಮೀನಿನ ವ್ಯಾಜ್ಯ, ಸಾವಿನ ಸುದ್ದಿ ಏನೇ ಬಂದರೂ, 'ಆಗಾಗ್ಗೆ ಕ್ಷೇಮಕ್ಕೆ ಕಾಗದ ಬರೆಯುತ್ತಿರುವುದು' ಎಂದೇ ಮುಗಿಯುತ್ತಿತ್ತು. ಅದು ಭಾವನೆಯಲ್ಲ, ಶಿಷ್ಟಾಚಾರ. ಪಾರಸಿಯ ದರ್ಬಾರಿ ಪತ್ರಕ್ಕೂ ಅದೇ ಕಟ್ಟು. ಮಾರ್ನಿಂಗ್ಟನ್‌ನ ಪತ್ರಗಳೂ ಹೋಗುತ್ತಿದ್ದದ್ದು ಪಾರಸಿಯಲ್ಲೇ, ಅದೇ ಶಿಷ್ಟಾಚಾರದ ಉಡುಪಿನಲ್ಲೇ. ಒಬ್ಬರ ಶಿಷ್ಟಾಚಾರವನ್ನು ಸೌಜನ್ಯ ಎಂದೂ ಇನ್ನೊಬ್ಬರದನ್ನು ಉಡಾಫೆ ಎಂದೂ ಓದುವುದು ಓದುಗನ ಪಕ್ಷಪಾತ.

ಕಟ್ಟುಪಾಡಿನ ಒಕ್ಕಣೆಯಲ್ಲಿ ಬರೆದವನ ಕೈಬೆರಳು ಕಾಣುವುದು ಕಟ್ಟು ಸಡಿಲವಾದ ಕಡೆ. ಈ ಕಾಗದದಲ್ಲಿ ಅಂಥ ಜಾಗ ಒಂದೇ: ಡವ್ಟನ್ ಬರಲಿ, ಸ್ವಲ್ಪವೇ ಪರಿವಾರದೊಡನೆ ಬರಲಿ. ಇದನ್ನು ಅವಮಾನ ಎಂದು ಓದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನವೆಂಬರ್‌ನಿಂದ ನಿರಾಕರಿಸುತ್ತ ಬಂದಿದ್ದ ಒಂದು ಪ್ರಸ್ತಾಪಕ್ಕೆ ಅವನು ಮೊದಲ ಸಲ ಹೂಂ ಎಂದದ್ದು ಇಲ್ಲಿ. ಆ ಹೂಂ ಕೂಡ ಯಾರ ಹೆಸರಿಗೆ? ಮಕ್ಕಳನ್ನು ಹಿಂದಕ್ಕೆ ತಂದುಕೊಟ್ಟವನ ಹೆಸರಿಗೆ. ಪರಿವಾರ ಕಡಿಮೆ ಇರಲಿ ಎಂಬುದು, ದೂತ ಬರಲಿ, ದಂಡು ಬೇಡ ಎಂಬ ಎಚ್ಚರಿಕೆಯೂ ಆಗಬಹುದು. ಬೇಟೆಯ ಮಾತಿನ ಗದ್ದಲದಲ್ಲಿ ಈ ಒಪ್ಪಿಗೆ ಮುಳುಗಿಹೋಯಿತು.

ಹಾಗೆಂದು ಇದನ್ನು ಪಶ್ಚಾತ್ತಾಪದ ಕಾಗದವಾಗಿ ಮಾಡುವುದೂ ಸರಿಯಲ್ಲ. ಅದೇ ಫೆಬ್ರವರಿಯಲ್ಲಿ ಟಿಪ್ಪುವಿನ ದೂತರು ತರಂಗಂಬಾಡಿಯ ಬಂದರಿನಿಂದ ಫ್ರಾನ್ಸಿನತ್ತ ಹಡಗು ಹತ್ತಿದ್ದರು. ನೆಪೋಲಿಯನ್ ಕೈರೋದಿಂದ ಜನವರಿ 26ರ ತಾರೀಕು ಹಾಕಿ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು, ಪಟ್ಟಣ ತಲುಪಲೇ ಇಲ್ಲ. ಟಿಪ್ಪು ಕಾಲ ಕೊಳ್ಳುತ್ತಿದ್ದ ಎಂಬುದರಲ್ಲಿ ಅನುಮಾನ ಬೇಡ. ಮಾರ್ನಿಂಗ್ಟನ್ ಕೂಡ ಜೂನ್‌ನಿಂದ ನವೆಂಬರ್‌ವರೆಗೆ ಕಾಲವನ್ನೇ ಕೊಂಡದ್ದು. ವ್ಯತ್ಯಾಸ ಇಷ್ಟೇ, ಒಬ್ಬನ ವ್ಯಾಪಾರ ಮುಗಿದಿತ್ತು.

*

ನಾನಿರುವುದು ಪುರಸೈವಾಕ್ಕಂನಲ್ಲಿ. ಎಗ್ಮೂರು, ತಂಡಿಯಾರ್‌ಪೇಟೆಗಳ ಜೊತೆ 1693ರಲ್ಲಿ ಕಂಪನಿಗೆ ದಾನವಾಗಿ ಹೋದ ಹಳ್ಳಿಗಳಲ್ಲಿ ಇದೂ ಒಂದು. ಮಾರ್ನಿಂಗ್ಟನ್ ಬಂದಿಳಿಯುವ ಹೊತ್ತಿಗೆ ಇಲ್ಲಿನವರು ನೂರು ವರ್ಷದ ಕಂಪನಿ ಪ್ರಜೆಗಳು. ಇಲ್ಲಿಂದ ವೇಪೇರಿ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ದಿನಾ 'ಡವುಟನ್, ಡವುಟನ್' ಎಂದು ಕೂಗುತ್ತಾರೆ. ಈ ಹೆಸರು ನಮ್ಮ ಮೇಜರ್‌ನದ್ದಲ್ಲ. ನಿಜಾಮನ ಸೇವೆಯಲ್ಲಿದ್ದ, ಆಂಗ್ಲೋ-ಇಂಡಿಯನ್ ಮಕ್ಕಳ ಓದಿಗೆ ಆಸ್ತಿ ಬಿಟ್ಟುಹೋದ ಇನ್ನೊಬ್ಬ ಜಾನ್ ಡವ್ಟನ್, ಕ್ಯಾಪ್ಟನ್ ದರ್ಜೆಯವನು, ಅವನ ಹೆಸರಿನ ಶಾಲೆಯಿಂದ ಜಾಗಕ್ಕೆ ಬಂದದ್ದು. ಮೇಜರ್ ಜಾನ್ ಡವ್ಟನ್‌ನ ಹೆಸರು ಉಳಿದಿರುವುದು ನುಂಗಂಬಾಕ್ಕಂನಲ್ಲಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನೊಳಗಿನ ಡವ್ಟನ್ ಹೌಸ್‌ನಲ್ಲಿ. ಇಬ್ಬರನ್ನು ಒಬ್ಬನೆಂದು ತಿಳಿಯುವುದು ಸುಲಭ. ಎರಡು ಹೆಸರು ಒಂದೇ ಆಗಿದ್ದಾಗ ಬಿಡಿಸುವುದಕ್ಕೆ ಬೇಕಾಗುವುದು ಅದೇ, ತಾರೀಕು.

ಆ ಕಾಲದ ಮದರಾಸಿನ ಸರ್ಕಾರಿ ದಾಖಲೆಗಳೂ ಇಲ್ಲೇ ಪಕ್ಕದಲ್ಲಿ, ಎಗ್ಮೂರಿನ ತಮಿಳುನಾಡು ದಾಖಲೆ ಭಂಡಾರದಲ್ಲಿವೆ. ಹದಿನೇಳನೆಯ ಶತಮಾನದಿಂದ ಕಂಪನಿ ಗುಮಾಸ್ತರು ಬಂದ ಪತ್ರ, ಹೋದ ಪತ್ರ, ಸಭೆಯ ನಡಾವಳಿ ಎಂದು ದಿನ ತಪ್ಪದೆ ಬರೆದಿಟ್ಟ ಸಾಲು ಸಾಲು ಪುಸ್ತಕಗಳು. ಕಂಪನಿಯ ನಿಜವಾದ ಬಲ ಫಿರಂಗಿಯಲ್ಲಿ ಎಷ್ಟಿತ್ತೋ ಈ ರೂಢಿಯಲ್ಲೂ ಅಷ್ಟೇ ಇತ್ತು. ನಮ್ಮಲ್ಲಿ ಬಟ್ಟೆಗೆ ಕರಿ ಬಳಿದು ಮಡಿಸಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದದ್ದಕ್ಕೆ ಕಡತ ಎಂಬ ಹೆಸರು; ಇವತ್ತು ಅದೇ ಮಾತು ಸರ್ಕಾರಿ ಫೈಲಿಗೆ ಬಂದಿದೆ. ಕಡತ ಯಾರ ಮನೆಯಲ್ಲಿದೆಯೋ ಕಾಲವೂ ಅವರ ಮನೆಯದೇ.

ಟಿಪ್ಪು ಇದನ್ನು ಅರಿಯದವನಲ್ಲ. ಅವನಿಗೆ ತಾರೀಕಿನ ಹುಚ್ಚು ಸ್ವಲ್ಪ ಹೆಚ್ಚೇ ಇತ್ತು. ಹಿಜರಿ ಬಿಟ್ಟು ಮೌಲೂದಿ ಎಂಬ ತನ್ನದೇ ಶಕೆ ತಂದ, ತಿಂಗಳುಗಳಿಗೆ ಹೊಸ ಹೆಸರಿಟ್ಟ, ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಕೊರೆಸಿದ. ಆದರೆ ಅಡಿಯಲ್ಲಿದ್ದದ್ದು ನಮ್ಮದೇ ಅರವತ್ತು ಸಂವತ್ಸರಗಳ ಚಕ್ರ, ನಮ್ಮದೇ ಚಾಂದ್ರಮಾಸದ ನಡೆ. ಆ ಫೆಬ್ರವರಿ ನಮ್ಮ ಪಂಚಾಂಗದಲ್ಲಿ ಕಾಳಯುಕ್ತಿ ಸಂವತ್ಸರದ ಕೊನೆ. ಯುಗಾದಿ ಕಳೆದು ಸಿದ್ಧಾರ್ಥಿ ಬಂದ ಮೇಲೆ ಪಟ್ಟಣ ಬಿತ್ತು. ಸಿದ್ಧಾರ್ಥಿ ಮತ್ತೆ 1859ರಲ್ಲಿ ಬಂತು, 1919ರಲ್ಲಿ ಬಂತು, 1979ರಲ್ಲಿ ಬಂತು. ಸಂವತ್ಸರದ ಹೆಸರು ಮಾತ್ರ ಇರುವ ಹಳೆಯ ಕಾಗದ ಅರವತ್ತು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಆ ಚಕ್ರದ ಕಾಲವನ್ನು ಕ್ರಿಸ್ತಶಕದ ನೇರ ಗೆರೆಯ ಮೇಲೆ ಕೂರಿಸಿದವರು ಗೆದ್ದವರ ಭಾಷಾಂತರಕಾರರು.

ಅವರ ಹೆಸರುಗಳು ತಿಳಿದಿವೆ. ಮಾರ್ನಿಂಗ್ಟನ್‌ನ ಜೊತೆ ಮದರಾಸಿಗೆ ಬಂದ ಪಾರಸಿ ಅನುವಾದಕ ನೀಲ್ ಎಡ್ಮನ್‌ಸ್ಟನ್ ಒಬ್ಬ. ಟಿಪ್ಪುವಿನ ಹಿಂದಿನ ವರ್ಷಗಳ ಪತ್ರಗಳನ್ನು ಆರಿಸಿ, ಅನುವಾದಿಸಿ, ಕಟುವಾದ ಟಿಪ್ಪಣಿಗಳೊಡನೆ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇನ್ನೊಬ್ಬ. ಮೌಲೂದಿ ಲೆಕ್ಕವನ್ನು ಬಿಡಿಸಿ ಪ್ರತಿ ಪತ್ರಕ್ಕೂ ಇಂಗ್ಲಿಷ್ ತಾರೀಕು ಕೊಟ್ಟ ಅವನ ಶ್ರಮ ಸಣ್ಣದಲ್ಲ, ಅದಿಲ್ಲದೆ ನಮಗೆ ಆ ಪತ್ರಗಳೇ ದಕ್ಕುತ್ತಿರಲಿಲ್ಲ. ಮಾರ್ನಿಂಗ್ಟನ್‌ನ ಪತ್ರಗಳ ಸಂಪುಟಗಳು 1836ರಿಂದ ಮಾಂಟ್‌ಗೊಮರಿ ಮಾರ್ಟಿನ್‌ನ ಸಂಪಾದಕತ್ವದಲ್ಲಿ ಬಂದಾಗ ಲೇಖಕ ಬದುಕಿದ್ದ. ಅವನು ಸತ್ತದ್ದು 1842ರಲ್ಲಿ. ತನ್ನ ಪತ್ರಗಳನ್ನೂ ತನ್ನ ಶತ್ರುವಿನ ಪತ್ರಗಳನ್ನೂ ಒಂದೇ ಪುಸ್ತಕದಲ್ಲಿ, ತನ್ನ ಕ್ರಮದಲ್ಲಿ ಜೋಡಿಸಿದ್ದನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ರಾಜಕಾರಣಿಗಳಿಗಿದೆ? ಶತ್ರು ಮೂವತ್ತೇಳು ವರ್ಷಗಳ ಹಿಂದೆಯೇ ಕೋಟೆಯ ಬಾಗಿಲಲ್ಲಿ ಬಿದ್ದಿದ್ದ, ಅವನ ಕಾಗದಪತ್ರಗಳೆಲ್ಲ ಲೂಟಿಯಾಗಿ ಹಂಚಿಹೋಗಿದ್ದವು.

ಟಿಪ್ಪುವಿನ ಸ್ವಂತ ಕೈಬರಹವೆಂದು ಪ್ರಸಿದ್ಧವಾದದ್ದು ಅರಮನೆಯಲ್ಲಿ ಸಿಕ್ಕಿದ ಕನಸುಗಳ ಪುಸ್ತಕ. ಪತ್ರಗಳು ಮುನ್ಷಿಗಳ ಕೈಯವು. ಗಿರೀಶ ಕಾರ್ನಾಡ್ ಟಿಪ್ಪುವಿನ ಬಗ್ಗೆ ಬಿಬಿಸಿ ರೇಡಿಯೋಗಾಗಿ ನಾಟಕ ಬರೆಯುವಾಗ ಆ ಕನಸುಗಳನ್ನು ಹಿಡಿದದ್ದು ನಾಟಕಕಾರನ ಸರಿಯಾದ ಹುಷಾರಿ. ಕನಸು ಯಾರಿಗೂ ಕಳಿಸಿದ್ದಲ್ಲ, ಆದ್ದರಿಂದ ಅದಕ್ಕೆ ತಲುಪಿದ ತಾರೀಕು ಇಲ್ಲ. ಆದರೆ ವಿಮರ್ಶಕನಿಗೆ ಪತ್ರವನ್ನು ಬಿಡುವ ಸ್ವಾತಂತ್ರ್ಯವಿಲ್ಲ. ಪತ್ರ ಇಬ್ಬರಿಗೆ ಸೇರಿದ್ದು. ಬರೆದವನ ಮನಸ್ಸಿನಷ್ಟೇ ಪಡೆದವನ ಮೇಜೂ ಅದರ ಅರ್ಥದ ಭಾಗ.

*

ಇದೆಲ್ಲ ಯಾಕೆ ಮುಖ್ಯ ಎಂದು ಕೇಳಬಹುದು. ನಮ್ಮ ಕೆಲಸದ ದಿನಗಳು ಮಿಂಚಂಚೆಗಳಲ್ಲೇ ಕಳೆಯುತ್ತವೆ. ಪ್ರತಿಯೊಂದು ಸಂದೇಶಕ್ಕೂ ಕಳಿಸಿದ ಗಳಿಗೆ, ಮುಟ್ಟಿದ ಗಳಿಗೆ, ಓದಿದ ಗಳಿಗೆ ತಾನಾಗೇ ಬೀಳುತ್ತದೆ. 'ದಯವಿಟ್ಟು ಇವತ್ತೇ ಉತ್ತರಿಸಿ' ಎಂಬ ನಯವಾದ ಸಾಲು ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ, ನಮ್ಮ ಉತ್ತರ ಫೈಲಿಗೆ ಮಾತ್ರ ಬೇಕಾಗಿರುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಜನವರಿ 9ರ ಪತ್ರವನ್ನು ಅರ್ಥಮಾಡಿಕೊಳ್ಳಲು ನಮಗೆ ಇತಿಹಾಸದ ಪದವಿ ಬೇಕಿಲ್ಲ.

ಹೆಚ್ಚಿನ ಮಾತು ಟಿಪ್ಪುವಿನ ಜಗಳದ್ದು. ಅವನನ್ನು ಹೊಗಳುವವರೂ ತೆಗಳುವವರೂ ಇನ್ನೂ ಮಾರ್ನಿಂಗ್ಟನ್ ಜೋಡಿಸಿಟ್ಟ ಕಡತವನ್ನೇ, ಅವನು ಜೋಡಿಸಿದ ಕ್ರಮದಲ್ಲೇ ಓದುತ್ತಿದ್ದಾರೆ. ಮೊದಲು ದೂರು, ಆಮೇಲೆ ತಾಳ್ಮೆ, ಆಮೇಲೆ ಉಡಾಫೆಯ ಉತ್ತರ, ಆಮೇಲೆ ಅನಿವಾರ್ಯವಾಗಿ ಯುದ್ಧ: ಈ ಕ್ರಮ ಅವನ ಘೋಷಣಾಪತ್ರದ್ದು. ತಾರೀಕುಗಳ ಕ್ರಮ ಬೇರೆ: ಮೊದಲು ಯುದ್ಧದ ಸಿದ್ಧತೆ, ಆಮೇಲೆ ಮೌನ, ಆಮೇಲೆ ದೂರು, ಆಮೇಲೆ ಅಪ್ಪಣೆ, ಎಲ್ಲಕ್ಕೂ ಕೊನೆಗೆ ಉತ್ತರ. ಈ ಎರಡನೆಯ ಕ್ರಮದಿಂದ ಟಿಪ್ಪು ನಿರ್ದೋಷಿ ಆಗುವುದಿಲ್ಲ. ಮಾರಿಷಸ್‌ಗೆ ದೂತರನ್ನು ಕಳಿಸಿದವನು ಅವನೇ, ಅಕ್ಕಿ ಹಡಗಿನ ಕತೆ ಕಟ್ಟಿದವನೂ ಅವನೇ. ಆದರೆ ಬೇಟೆಗೆ ಹೊರಟೆ ಎಂದು ಬರೆದದ್ದರಿಂದ ರಾಜ್ಯ ಹೋಯಿತು ಎಂಬ ಸುಲಭದ ನೀತಿಕತೆ ಮಾತ್ರ ನಿಲ್ಲುವುದಿಲ್ಲ.

ವಿಚಿತ್ರವೆಂದರೆ ಇದನ್ನೆಲ್ಲ ನಮಗೆ ಹೇಳಿಕೊಡುವುದೂ ಅದೇ ಕಡತ. ಮಾರ್ನಿಂಗ್ಟನ್ ಏನನ್ನೂ ಮುಚ್ಚಿಡಲಿಲ್ಲ. ಜೂನ್‌ನ ಅಪ್ಪಣೆ, ಫೆಬ್ರವರಿ 3ರ ಆದೇಶ, ಫೆಬ್ರವರಿ 13ರ ಕಾಗದ ಎಲ್ಲವೂ ಅವನ ಸಂಪುಟಗಳಲ್ಲೇ ಇವೆ, ತಾರೀಕು ಸಮೇತ. ಒಕ್ಕಣೆಯ ಸೊಗಸನ್ನು ಓದುಗರು ನೋಡುತ್ತಾರೆ, ಮೂಲೆಯ ಅಂಕಿಯನ್ನು ನೋಡುವುದಿಲ್ಲ ಎಂಬ ಭರವಸೆ ಅವನಿಗಿತ್ತೋ ಏನೋ. ಆ ಸಂಪುಟಗಳು ಈಗ ಸ್ಕ್ಯಾನ್ ಆಗಿ ಯಾರ ಫೋನಿನಲ್ಲಾದರೂ ಓದಲು ಸಿಗುತ್ತವೆ. ಮುಂದಿನ ಸಲ ಯಾರಾದರೂ ಟಿಪ್ಪುವಿನ ಬೇಟೆಯ ಕಾಗದವನ್ನು ನಿಮ್ಮ ಮುಂದೆ ಹಿಡಿದರೆ, ಅದು ಹೊರಟದ್ದು ಯಾವತ್ತು ಎಂದು ಕೇಳಬೇಡಿ, ಅದಕ್ಕೆ ಅವರ ಬಳಿ ಉತ್ತರ ಇರಲಾರದು. ಅದು ಬಂದು ತಲುಪುವ ಹೊತ್ತಿಗೆ ಸೈನ್ಯ ಎಲ್ಲಿತ್ತು ಎಂದು ಕೇಳಿ.